ನೆಲಕ್ಕೆ ಕೂರುವ ಹಟ

ನಮ್ಮ ಮಲಗುವ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ನಾಲ್ಕು ಬೆರಳಗಲದ ನವಾರದ ಪಟ್ಟಿಯೊಂದು ಜೋತುಬಿದ್ದಿದೆ. ಒಂದು ಕಾಲಕ್ಕೆ ಬೆಳ್ಳಗಿದ್ದದ್ದು ಈಗ ಚಹಾ ಸೋಸುವ ಅರಿವೆಯ ಬಣ್ಣಕ್ಕೆ ತಿರುಗಿದೆ. ಮನೆಗೆ ಬಂದವರ ಕಣ್ಣು ಅದರ ಮೇಲೆ ಬೀಳದೆ ಇರುವುದಿಲ್ಲ. ಕೆಳಗಿನ ಮಹಡಿಯ ಹೆಂಗಸೊಬ್ಬರು ನಾಯಿ ಸಾಕಿದ್ದೀರಾ ಎಂದು ಮರಾಠಿಯಲ್ಲಿ ಕೇಳಿ, ನಮ್ಮ ಸೊಸೈಟಿಯ ನಿಯಮಗಳನ್ನು ಮೆಲ್ಲಗೆ ನೆನಪಿಸಿ ಹೋದರು. ಇದು ನನ್ನ ವ್ಯಾಯಾಮದ ಸಾಮಾನು ಎಂದು ನಾನು ಹೇಳಿದರೆ ಬಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮರ್ಯಾದಸ್ಥರಾದ್ದರಿಂದ, ಮಾತು ಬದಲಿಸುತ್ತಾರೆ.

ನವಾರವೆಂದರೆ ಏನೆಂದು ಈಗಿನವರಿಗೆ ಹೇಳಬೇಕಾದೀತು. ಹಿಂದಿನ ಕೆಲವು ಮಂಚಗಳಿಗೆ ಹಲಗೆ ಇರುತ್ತಿರಲಿಲ್ಲ. ಚೌಕಟ್ಟಿಗೆ ದಪ್ಪ ಹತ್ತಿಯ ಪಟ್ಟಿಯನ್ನು ಅಡ್ಡ-ಉದ್ದ ಹೆಣೆದಿರುತ್ತಿದ್ದರು. ಬಾಗಲಕೋಟೆಯ ನಮ್ಮ ಮನೆಯಲ್ಲಿ ಅಪ್ಪನದು ಅಂಥ ಮಂಚ. ಬೇಸಿಗೆ ರಜೆಯಲ್ಲಿ ಮಕ್ಕಳೆಲ್ಲ ಸೇರಿ ಅದರ ಮೇಲೆ ಕುಣಿದು ಕುಣಿದು, ಅಪ್ಪ ಮಲಗಿದರೆ ತೊಟ್ಟಿಲಲ್ಲಿಟ್ಟ ಕೂಸಿನ ಹಾಗೆ ಕಾಣುವಷ್ಟು ನವಾರ ಜೋಲಿಬಿಡುತ್ತಿತ್ತು. ಆಗೊಂದು ರವಿವಾರ ಅಪ್ಪ ಧೋತರ ಎತ್ತಿ ಕಟ್ಟಿ, ಒಂದು ಕಾಲನ್ನು ಚೌಕಟ್ಟಿಗೆ ಒತ್ತಿ, ಹಲ್ಲು ಕಚ್ಚಿ ಒಂದೊಂದೇ ಪಟ್ಟಿಯನ್ನು ಎಳೆದು ಬಿಗಿಯುತ್ತಿದ್ದರು. ಬಿಗಿದ ಮೇಲೆ ಬೆರಳಿನಿಂದ ಬಡಿದು ಸದ್ದು ಕೇಳುವರು. ಸದ್ದು ಮನಸ್ಸಿಗೆ ಬರದಿದ್ದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಆ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ನಾನು ಮದುವೆಯಾಗಿ ಪುಣೆಗೆ ಹೊರಟಾಗ ಟ್ರಂಕಿನ ಕೊಂಡಿ ಕಿತ್ತುಹೋಗಿತ್ತು. ಅಪ್ಪ ಉಳಿದಿದ್ದ ನವಾರದ ತುಂಡೊಂದನ್ನು ಅದಕ್ಕೆ ಸುತ್ತಿ, ಅದೇ ರವಿವಾರದ ಸಿಟ್ಟಿನಿಂದ ಬಿಗಿದು, ನನ್ನನ್ನೂ ಟ್ರಂಕನ್ನೂ ರೈಲು ಹತ್ತಿಸಿದರು. ಆ ತುಂಡು ಮೂರು ಮನೆ ಬದಲಿಸಿ, ಅಟ್ಟದ ಮೇಲೆ ಎಷ್ಟೋ ವರ್ಷ ಮಲಗಿದ್ದು, ಕಳೆದ ಮಳೆಗಾಲದಲ್ಲಿ ಕೆಳಗಿಳಿಯಿತು. ಏಕೆ ಇಳಿಯಿತು ಎಂಬುದನ್ನು ಹೇಳಲಿಕ್ಕೇ ನಾನು ಕೂತಿರುವುದು.

ಮೈ ಬಗ್ಗದಿರುವುದು ನನಗೆ ವಯಸ್ಸಿನಿಂದ ಬಂದ ಪದವಿಯೇನಲ್ಲ. ಶಾಲೆಯಲ್ಲಿ ಡ್ರಿಲ್ ಮಾಸ್ತರರು ‘ಕೆಳಗ ಬಾಗು’ ಎಂದು ಸೀಟಿ ಊದಿದಾಗ ಗೆಳತಿಯರೆಲ್ಲ ಜೋಳದ ತೆನೆಯ ಹಾಗೆ ಬಾಗಿ ಕಾಲ್ಬೆರಳು ಮುಟ್ಟಿದರೆ, ನಾನು ಮೊಣಕಾಲ ಹತ್ತಿರ ಬಂದು ನಿಂತು ಮಾಸ್ತರರ ಮುಖ ನೋಡುತ್ತಿದ್ದೆ. ಲಂಗ ಉದ್ದವಾಗಿದ್ದದ್ದು ದೈವಕೃಪೆ. ಒಳಗೇ ಮೊಣಕಾಲು ಮಡಚಿ ಬೆರಳನ್ನು ಪಾದಕ್ಕೆ ತಾಗಿಸಿಬಿಡುತ್ತಿದ್ದೆ. ಮುಂದೆ ಪುಣೆಯ ಶಿವಾಜಿನಗರದ ಒಂದು ಕಚೇರಿಯಲ್ಲಿ ನೌಕರಿ ಸಿಕ್ಕಿತು. ಅಲ್ಲಿ ಯಾರೂ ನನಗೆ ಬಾಗಲು ಹೇಳಲಿಲ್ಲ. ಬಸ್ಸಿನಲ್ಲಿ ಕೂತು ಹೋಗಿ, ಕುರ್ಚಿಯಲ್ಲಿ ಕೂತು ದುಡಿದು, ಮತ್ತೆ ಬಸ್ಸಿನಲ್ಲಿ ಕೂತು ಮನೆಗೆ ಬಂದು, ಡೈನಿಂಗ್ ಟೇಬಲ್ಲಿಗೆ ಕೂತು ಉಣ್ಣುವುದು. ನಿವೃತ್ತಿಯ ಹೊತ್ತಿಗೆ ನನ್ನ ಮೈ ಕುರ್ಚಿಯ ಆಕಾರವನ್ನು ಪೂರಾ ಕಲಿತುಬಿಟ್ಟಿತ್ತು. ಬೇರೆ ಆಕಾರಗಳನ್ನು ಅಷ್ಟೇ ಪೂರಾ ಮರೆತಿತ್ತು. ನೆಲಕ್ಕೆ ಬಿದ್ದ ಚಮಚವನ್ನು ನಾನು ಕಾಲಿನಿಂದ ಒಂದು ಬದಿಗೆ ಸರಿಸಿ, ಮನೆಯವರು ಬಂದ ಮೇಲೆ ಎತ್ತಿಸುತ್ತಿದ್ದೆ.

ನಮ್ಮ ಅತ್ತೆ ಇದಕ್ಕೆ ತದ್ವಿರುದ್ಧ. ಎಂಬತ್ತು ದಾಟಿದರೂ ಅವರ ಸಂಸಾರವೆಲ್ಲ ನೆಲದ ಮೇಲೆಯೇ. ಕಟ್ಟೆಯ ಮೇಲೆ ನಿಂತು ಅಡುಗೆ ಮಾಡುವುದು ಹೋಟೆಲಿನವರ ಪದ್ಧತಿ ಎಂದು ಅವರ ಅಭಿಪ್ರಾಯ. ಗ್ಯಾಸಿನ ಒಲೆಯೊಂದನ್ನು ನೆಲದ ಮೇಲೇ ಇಟ್ಟುಕೊಂಡು, ಕಾಲು ಮಡಚಿ ಕೂತು, ರೊಟ್ಟಿ ಬಡಿಯುವರು. ಟೀವಿ ನೋಡುವುದು ನೆಲದ ಮೇಲೆ, ಕಾಯಿಪಲ್ಲೆ ಹೆಚ್ಚುವುದು ನೆಲದ ಮೇಲೆ, ಮಾಸಿಕ ಹಿಡಿದು ಓದುವುದು ನೆಲದ ಮೇಲೆ. ಕೂತಲ್ಲಿಂದ ಕೈಯೂರದೆ ಎದ್ದು ಬಿಡುವರು. ನಾನು ಸೋಫಾದಿಂದ ಏಳುವಾಗ ‘ಅಯ್ಯಪ್ಪಾ’ ಎಂದರೆ, ಅಡುಗೆಮನೆಯಿಂದಲೇ, ಯಾರು ಬಂದರು ಎಂದು ಕೇಳುವರು.

ಅಂಥ ಅತ್ತೆ ಆಷಾಢದ ಒಂದು ಮಧ್ಯಾಹ್ನ, ಒಣಹಾಕಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಓಡಿ, ಒದ್ದೆ ನೆಲದಲ್ಲಿ ಜಾರಿ ಬಿದ್ದರು. ಕಾಲಗಂಟಿನ ಎಲುಬು ಬಿರುಕು ಬಿಟ್ಟಿತು. ಪ್ಲಾಸ್ಟರ್ ಹಾಕಿ ಮಂಚಕ್ಕೆ ಹತ್ತಿಸಿದರು. ಮಂಚವೇ ಅವರಿಗೆ ದೊಡ್ಡ ಶಿಕ್ಷೆ. ಮಲಗಿ ಮಲಗಿ ಕಾಲಷ್ಟೇ ಅಲ್ಲ, ಮೊಣಕಾಲು, ಸೊಂಟ, ಭುಜ ಎಲ್ಲ ಒಣಗಿದ ತೊಗಲಿನ ಹಾಗೆ ಸೆಟೆದುಕೊಂಡವು. ಶ್ರಾವಣ ಕಳೆಯುವ ಹೊತ್ತಿಗೆ ಪ್ಲಾಸ್ಟರ್ ತೆಗೆದ ಡಾಕ್ಟರು ಎಲುಬು ಚೆನ್ನಾಗಿ ಕೂಡಿದೆ ಎಂದರು. ಆದರೆ ಕೀಲುಗಳು ಬಿಗಿದಿವೆ, ದಿನಾಲೂ ಎಳೆದು ಸಡಿಲಿಸಿದರೆ ಮೊದಲಿನಂತೆ ಆಗಬಹುದು, ಇಲ್ಲದಿದ್ದರೆ ಇನ್ನು ಕುರ್ಚಿಯೇ ಗತಿ ಎಂದೂ ಹೇಳಿದರು.  ಮನೆಗೆ ಬಂದ ಮೇಲೆ ಅತ್ತೆ, ಅಡುಗೆಮನೆಯ ನೆಲದ ಮೇಲಿದ್ದ ಒಲೆಯನ್ನು ಕಟ್ಟೆಯ ಮೇಲೆ ಎತ್ತಿಡು ಎಂದು ಮಗನಿಗೆ ಹೇಳಿದರು. ಅಷ್ಟು ಮೆತ್ತಗಿನ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಮನೆಯವರು ಒಲೆ ಎತ್ತಲು ಬಗ್ಗಿದರು. ನಾನು ಕಣ್ಸನ್ನೆಯಿಂದ ಬೇಡವೆಂದೆ.

ವ್ಯಾಯಾಮ ಮಾಡಿಸಲು ಮುಗ್ಧಾ ಎಂಬ ಹುಡುಗಿ ಬರತೊಡಗಿದಳು. ಫಿಸಿಯೋಥೆರಪಿ ಕಲಿತವಳು, ಲೋಣಾವಳಾದವಳು, ನಕ್ಕರೆ ಕಣ್ಣೇ ಮುಚ್ಚಿಹೋಗುವಂಥ ಮುಖ. ಮಂಚದ ಮುಂದೆ ನಿಂತು, ಅಜ್ಜಿ, ಪಾದ ನಿಮ್ಮ ಕಡೆ ಎಳೆದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿದಳು. ಅತ್ತೆ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಏನೂ ತಿಳಿಯದವರಂತೆ ಕೈಯಾಡಿಸಿದರು. ಅರವತ್ತು ವರ್ಷಕ್ಕೂ ಮೇಲೆ ಪುಣೆಯಲ್ಲಿದ್ದು, ಕಾಯಿಪಲ್ಲೆಯವನ ಜೊತೆ ಮರಾಠಿಯಲ್ಲಿ ಜಗಳಾಡಿ ಗೆಲ್ಲುವ ಹೆಂಗಸು, ಆ ಕ್ಷಣಕ್ಕೆ ಮರಾಠಿಯ ಒಂದಕ್ಷರವೂ ಬಾರದವರಾದರು. ನಾನು ಕನ್ನಡದಲ್ಲಿ ಹೇಳಿದೆ. ಈಗ ಕಿವಿಯೂ ಕೇಳದಾಯಿತು. ಮುಗ್ಧಾ ಹೋದ ಮೇಲೆ ನಾನು ಸಿಟ್ಟಿನಿಂದಲೇ ಕೇಳಿದೆ, ಯಾಕೆ ಹೀಗೆ ಮಾಡುತ್ತೀರಿ ಎಂದು.

“ಈ ವಯಸ್ಸಿನ್ಯಾಗ ನಾ ಇನ್ನ ಕುಸ್ತಿ ಹಿಡೀಬೇಕೇನ?” ಎಂದರು ಅತ್ತೆ. “ನಿನಗೇನು, ಮ್ಯಾಲ ನಿಂತು ಹೇಳತಿ. ನೀ ಒಮ್ಮೆ ಕಾಲ್ಬೆರಳು ಮುಟ್ಟಿ ತೋರಸು, ನಾಳಿಂದ ನಾನೂ ಮಾಡತೇನಿ.”

ಮಾತು ಆಡಿದವರು ಅವರು, ಸಿಕ್ಕಿಬಿದ್ದವಳು ನಾನು. ಅಲ್ಲೇ ಚಾಪೆ ಹಾಸಿ, ಗೋಡೆ ಹಿಡಿದು, ಮಂಚದ ಅಂಚು ಹಿಡಿದು, ಅಂತೂ ನೆಲಕ್ಕೆ ಇಳಿದೆ. ಕಾಲು ಚಾಚಿ ಮುಂದಕ್ಕೆ ಬಾಗಿದೆ. ಬಾಗಿದೆ ಎಂದು ನಾನು ತಿಳಿದುಕೊಂಡದ್ದು. ನಿಜವಾಗಿ ಬಾಗಿದ್ದು ಕುತ್ತಿಗೆ ಮಾತ್ರ. ಕೈಗಳು ಮೊಣಕಾಲ ಚಿಪ್ಪಿನ ಮೇಲೆ ಬಂದು, ಮುಂದೆ ರಸ್ತೆಯೇ ಇಲ್ಲದವರ ಹಾಗೆ ನಿಂತವು. ತೊಡೆಯ ಹಿಂದೆ ಯಾರೋ ಹಗ್ಗ ಬಿಗಿದಂತಾಗಿ ‘ಅಯ್ಯಪ್ಪಾ’ ಎಂದೆ. ಮೇಲೆ ಮಂಚದಿಂದ ಒಂದು ಸದ್ದು ಬಂತು. ತಲೆಯೆತ್ತಿ ನೋಡಿದರೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ಬಿದ್ದ ದಿನದಿಂದ ಅವರು ನಕ್ಕಿರಲಿಲ್ಲ. ನನಗೆ ಅವಮಾನವಾಯಿತೋ ಸಂತೋಷವಾಯಿತೋ ತಿಳಿಯಲಿಲ್ಲ. ಏಳಲು ಹೋದರೆ ಏಳಲಿಕ್ಕೂ ಆಗಲಿಲ್ಲ. ಅವರು ಇನ್ನಷ್ಟು ನಕ್ಕರು.

ಅವತ್ತು ಸಂಜೆ ನಾನು ಒಂದು ನಿಶ್ಚಯ ಮಾಡಿದೆ. ನಾನು ನಿಶ್ಚಯಗಳನ್ನು ಸುಲಭವಾಗಿ ಮಾಡುವವಳಲ್ಲ. ಮಾಡಿದ್ದನ್ನು ಉಳಿಸಿಕೊಳ್ಳುವುದೂ ಕಷ್ಟ. ಆದರೆ ಈ ಮುದುಕಿಯನ್ನು ನೆಲಕ್ಕೆ ಇಳಿಸದೆ ಬಿಡಬಾರದು, ಅದಕ್ಕೆ ಮೊದಲು ನಾನೇ ಇಳಿಯಬೇಕಾದರೆ ಇಳಿಯೋಣ ಎಂದುಕೊಂಡೆ. ಪಾದಕ್ಕೆ ಸಿಕ್ಕಿಸಿ ಎಳೆಯಲು ಉದ್ದನೆಯ ಗಟ್ಟಿ ಪಟ್ಟಿಯೊಂದು ಬೇಕು ಎಂದು ಮುಗ್ಧಾ ಹೇಳಿದ್ದಳು. ದುಪಟ್ಟಾದಿಂದ ಎಳೆದು ನೋಡಿದೆ, ಜಾರಿತು. ಟವೆಲ್ಲು ಗಿಡ್ಡವಾಯಿತು. ಆಗ ನೆನಪಾದದ್ದು ಅಟ್ಟದ ಮೇಲಿನ ಟ್ರಂಕು, ಅದರ ಸುತ್ತಲಿನ ನವಾರ. ಅಪ್ಪ ಹಾಕಿದ ಗಂಟು ಬಿಚ್ಚಲು ನಮ್ಮ ಮನೆಯವರಿಗೆ ಇಕ್ಕಳ ಬೇಕಾಯಿತು.

ಮರುದಿನದಿಂದ ನಮ್ಮ ಶಾಲೆ ಶುರುವಾಯಿತು. ಬೆಳಗಿನ ಚಹಾ ಆದ ಮೇಲೆ, ಅತ್ತೆ ಮಂಚದ ಮೇಲೆ, ನಾನು ನೆಲದ ಮೇಲೆ. ಪಟ್ಟಿ ಒಂದೇ ಆದ್ದರಿಂದ ಸರದಿ. ಅವರು ಅಂಗಾಲಿಗೆ ನವಾರ ಸಿಕ್ಕಿಸಿ ಪಾದವನ್ನು ತಮ್ಮ ಕಡೆ ಎಳೆಯುವಾಗ ನಾನು ಗೋಡೆಗೆ ಕೈಯೂರಿ ಮೀನಖಂಡ ಎಳೆಯುವುದು. ನಾನು ನವಾರ ಹಿಡಿದಾಗ ಅವರು ಮೊಣಕಾಲು ಎದೆಗೆ ತರುವುದು. ಎದೆಗೆ ಬಂತು ಅನ್ನುವಂತಿರಲಿಲ್ಲ. ಅವರ ಪಾದ ಮರದ ಹಲಗೆಯ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಎಳೆದಾಗ ಹಣೆಯ ಮೇಲೆ ಬೆವರು ಬರುತ್ತಿತ್ತೇ ಹೊರತು ಪಾದ ಬರುತ್ತಿರಲಿಲ್ಲ. ಕೆಲವು ದಿನ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವರು. ಆಗ ನಾನು ಒಬ್ಬಳೇ ನೆಲದ ಮೇಲೆ ಶುರುಮಾಡುತ್ತಿದ್ದೆ. ನನ್ನ ಏದುಸಿರು, ನನ್ನ ಅಯ್ಯಪ್ಪಾ ಕೇಳಿ ತಾಳಲಾರದೆ, ತಿದ್ದಲಿಕ್ಕಾದರೂ ಅವರು ಈ ಕಡೆ ಹೊರಳುವರು. ಮೊಣಕಾಲು ಮಡಚಬೇಡ ಎನ್ನುವರು. ಡ್ರಿಲ್ ಮಾಸ್ತರರಿಗೆ ಕಾಣದ್ದು ಅತ್ತೆಗೆ ಕಾಣುತ್ತಿತ್ತು.

ನಡುವೆ ನಾನೊಂದು ಪರಾಕ್ರಮ ಮಾಡಿದೆ. ಪುಣೆಯ ಗುಡ್ಡಗಳ ಮೇಲೆ ಬೆಳಿಗ್ಗೆ ಹೋದವರಿಗೆ ಗೊತ್ತು, ಇಲ್ಲಿನ ಎಪ್ಪತ್ತರ ಮುದುಕರು ಬಂಡೆಯ ಮೇಲೆ ಕಾಲಿಟ್ಟು ಹಣೆಯನ್ನು ಮೊಣಕಾಲಿಗೆ ತಾಗಿಸಿ, ಹಾಗೇ ಸರಕಾರವನ್ನು ಬೈಯುತ್ತ ಇರುತ್ತಾರೆ. ಅದನ್ನು ನೋಡಿ ಬಂದ ದಿನ ನನಗೆ ರೋಷ ಉಕ್ಕಿತು. ಉಸಿರು ಬಿಗಿಹಿಡಿದು ನವಾರವನ್ನು ಜಗ್ಗಿದೆ. ತೊಡೆಯ ಹಿಂದೆ ಏನೋ ‘ಚಟ್’ ಎಂದಿತು. ಮುಂದೆ ಎಷ್ಟೋ ದಿನ ನಾನು ನಿಂತೇ ಚಹಾ ಕುಡಿದೆ, ನಿಂತೇ ಟೀವಿ ನೋಡಿದೆ. ಮುಗ್ಧಾ ಬಂದು ಮೊದಲು ಕಣ್ಣು ಮುಚ್ಚಿಹೋಗುವಂತೆ ನಕ್ಕಳು, ಆಮೇಲೆ ಚೆನ್ನಾಗಿ ಬೈದಳು. ಸೆಳೆತ ಎಲ್ಲಿ ಶುರುವಾಗುತ್ತದೆಯೋ ಅಲ್ಲಿ ನಿಲ್ಲಬೇಕು, ಉಸಿರು ಬಿಡುತ್ತ ಕಾಯಬೇಕು, ಕಾದರೆ ಮೈ ತಾನಾಗಿ ಸ್ವಲ್ಪ ಜಾಗ ಕೊಡುತ್ತದೆ, ನೋವು ಬರುವವರೆಗೆ ಎಳೆಯುವುದು ಶೌರ್ಯವಲ್ಲ ಎಂದಳು. ಅತ್ತೆ ಈಗ ಮರಾಠಿ ತಿಳಿಯುವವರಾಗಿದ್ದರು. ಮಂಚದ ಮೇಲಿಂದ ತಲೆದೂಗಿ ನನಗೆ ಹೇಳಿದರು:

“ಹೋಳಗಿ ಕಣಕಾ ನಾದಿದ ಕೂಡ್ಲೇ ಎಳದ್ರ ಹರೀತದ. ಎಣ್ಣಿ ಹಚ್ಚಿ ಬಿಟ್ಟು, ಹೊತ್ತು ಕೊಡಬೇಕು. ಇಷ್ಟ ವರ್ಷ ಅಡಗೀ ಮಾಡೀದಿ, ತಿಳೀಲಿಲ್ಲೇನ ನಿನಗ?”

ಅವರಿಗೆ ಆ ಮಾತು ತಾವೇ ಹೇಳಿದ ಮೇಲೆ ತಮಗೂ ಹಿಡಿಸಿತೆಂದು ಕಾಣುತ್ತದೆ. ಆಮೇಲೆ ಅವರು ಜಗ್ಗಾಡುವುದನ್ನು ಬಿಟ್ಟರು. ನವಾರ ಹಿಡಿದು, ಕಣ್ಣು ಮುಚ್ಚಿ, ಸುಮ್ಮನೆ ಕೂರುವರು. ನವರಾತ್ರಿಯ ಹೊತ್ತಿಗೆ ಅವರ ಪಾದ ಒಂದಿಷ್ಟು ಈ ಕಡೆ ವಾಲಿತ್ತು. ಕೋಲು ಹಿಡಿದು ಅಡುಗೆಮನೆಯವರೆಗೆ ಬಂದು, ನೆಲದ ಮೇಲೇ ಇದ್ದ ಒಲೆಯನ್ನು ನೋಡಿ, ಎತ್ತಿಡಲು ಹೇಳಿದ್ದೆನಲ್ಲ ಎಂದಷ್ಟೇ ಕೇಳಿ ಹೋದರು. ಇಷ್ಟಕ್ಕೇ ಅವರು ತೃಪ್ತರಾಗುತ್ತಿದ್ದರೇನೋ. ಕುರ್ಚಿಯ ಮೇಲೆ ಕೂತು ಕಾಯಿಪಲ್ಲೆ ಹೆಚ್ಚುವುದಕ್ಕೆ ಒಗ್ಗಿಕೊಳ್ಳುತ್ತಿದ್ದರು. ಆದರೆ ಭೋರ್‌ನಿಂದ ಫೋನು ಬಂತು.

ಪುಣೆಗೆ ಹತ್ತಿರದ ಭೋರ್ ಎಂಬ ಊರಿನಲ್ಲಿ ಇಂದೂತಾಯಿ ಇದ್ದಾರೆ. ಅತ್ತೆ ಮದುವೆಯಾಗಿ ಪುಣೆಗೆ ಬಂದಾಗ ಅವರದು ಪೇಟೆಯ ಒಂದು ಹಳೆಯ ವಾಡೆಯ ವಠಾರದಲ್ಲಿ ಒಂದೇ ಕೋಣೆಯ ಬಿಡಾರ. ಎದುರು ಕೋಣೆಯಲ್ಲಿ ಇಂದೂತಾಯಿ, ಅತ್ತೆಯದೇ ವಯಸ್ಸಿನ ಮರಾಠಿ ಸೊಸೆ. ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಹೊತ್ತಿನಲ್ಲಿ ಅತ್ತೆ ಕಲಿತ ಮರಾಠಿಯೆಲ್ಲ ಇಂದೂತಾಯಿಯದು. ನಮ್ಮ ಮನೆಯವರು ಹುಟ್ಟಿದಾಗ ಬಾಣಂತನ ಮಾಡಿದ್ದೂ ಅವರೇ. ಅತ್ತೆಯ ತವರೂ ಬಾಗಲಕೋಟೆ ಕಡೆಯದೇ, ಅಲ್ಲಿಂದ ಬರಬೇಕಿದ್ದವರು ಬರಲಾಗಿರಲಿಲ್ಲ. ಮುಂದೆ ಇಂದೂತಾಯಿಯ ಗಂಡ ಭೋರ್‌ನ ತಮ್ಮ ಹಿರಿಯರ ಮನೆಗೆ ಹೋಗಿ ನೆಲೆಸಿದರು. ಅಂದಿನಿಂದ ಸಂಕ್ರಾಂತಿಗೆ ಅತ್ತೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಭೋರ್‌ಗೆ ಹೋಗುವುದು ತಪ್ಪಿಲ್ಲ. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಮಾತಿಗೆ ಶುರುಮಾಡಿದರೆ ಕರೆದೊಯ್ದವರು ಊರೆಲ್ಲ ಸುತ್ತಿ ಬರಬಹುದಿತ್ತು.

ಫೋನು ಮಾಡಿದವಳು ಇಂದೂತಾಯಿಯ ಸೊಸೆ ಮಾಧುರಿ. ಒಂದು ಜ್ವರ ಬಂದು ಹೋದ ಮೇಲೆ ತನ್ನ ಅತ್ತೆ ಹಾಸಿಗೆ ಬಿಟ್ಟು ಏಳುತ್ತಿಲ್ಲ ಎಂದಳು. ಡಾಕ್ಟರು ರೋಗವೇನೂ ಇಲ್ಲ ಅನ್ನುತ್ತಾರೆ, ಅವರೇ ಸಾಕಪ್ಪಾ ಎಂದು ಕೈಬಿಟ್ಟಂತಿದೆ. ಮಂಚದಿಂದ ಒಮ್ಮೆ ಹೊರಳಿ ಬಿದ್ದದ್ದರಿಂದ ಈಗ ನೆಲದ ಮೇಲೆ ಗಾದಿ ಹಾಕಿದ್ದೇವೆ. ಕಿವಿ ಮಂದವಾಗಿದೆ, ಫೋನಿನಲ್ಲಿ ಯಾರ ಮಾತೂ ಕೇಳುವುದಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಹೇಳಿದರಷ್ಟೇ ತಿಳಿಯುತ್ತದೆ. ನಿಮ್ಮ ಅತ್ತೆ ಈ ಸಲ ಬರುತ್ತಾರೋ ಇಲ್ಲವೋ ಎಂದು ಕೇಳುತ್ತಿರುತ್ತಾರೆ.

ನಾನು ಇದನ್ನು ಹೇಳಿದಾಗ ಅತ್ತೆ ಬೆಂಡೆಕಾಯಿ ಹೆಚ್ಚುತ್ತಿದ್ದರು. ಈಳಿಗೆ ಬಿಟ್ಟು ಚಾಕು ಹಿಡಿದು ಕಲಿಯುತ್ತಿದ್ದ ದಿನಗಳು. ಕೈ ನಿಂತಿತು. ನಮ್ಮ ಮನೆಯವರು ಸಮಾಧಾನ ಹೇಳಿದರು: ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಹಾಸಿಗೆಯ ಪಕ್ಕಕ್ಕೆ ಒಂದು ಕುರ್ಚಿ ಹಾಕಿಸಿದರಾಯಿತು.

“ಕುರ್ಚಿ ಮ್ಯಾಲ ಕುಂತು ಮಾತಾಡಸಾಕ ನಾ ಡಾಕ್ಟರ್ ಅಲ್ಲ,” ಎಂದರು ಅತ್ತೆ. “ಆಕಿ ಕೆಳಗ ಮಲಗ್ಯಾಳ. ನಾ ಕೆಳಗ ಕುಂಡ್ರಬೇಕು.”

ಆಮೇಲೆ ನನ್ನ ಕಡೆ ತಿರುಗಿ, ನಾಳೆ ಆ ಹುಡುಗಿಯನ್ನು ಬರಹೇಳು ಎಂದರು.

ಸಂಕ್ರಾಂತಿಗೆ ಇನ್ನೂ ವೇಳೆಯಿತ್ತು, ಆದರೆ ಬಹಳವೇನೂ ಇರಲಿಲ್ಲ. ಮುಗ್ಧಾ ಕಾಲಗಂಟು ಒತ್ತಿ ನೋಡಿ, ಡಾಕ್ಟರನ್ನೂ ಕೇಳಿ, ಪ್ರಯತ್ನ ಮಾಡಬಹುದು, ಅವಸರ ಮಾತ್ರ ಕೂಡದು ಎಂದಳು. ನೆಲಕ್ಕೆ ಒಮ್ಮೆಲೇ ಇಳಿಯುವುದು ಬೇಡ ಎಂದು ಮನೆಯಲ್ಲಿದ್ದ ಗಾದಿಗಳನ್ನೆಲ್ಲ ಒಂದರ ಮೇಲೊಂದು ಹೇರಿಸಿದಳು. ನಡುಮನೆಯಲ್ಲಿ ಎದ್ದ ಆ ಸಿಂಹಾಸನದ ಮೇಲೆ ಅತ್ತೆಯ ಪಟ್ಟಾಭಿಷೇಕವಾಯಿತು. ಬಂದವರು ಹೋದವರು ಅವರನ್ನು ತಲೆಯೆತ್ತಿ ಮಾತಾಡಿಸಬೇಕಾಗಿತ್ತು. ಅಲ್ಲಿಂದ ಏಳುವುದು, ಕೂರುವುದು. ಅದು ಹಗುರಾದ ಮೇಲೆ ಒಂದು ಗಾದಿ ಕಡಿಮೆ. ಮತ್ತೆ ಏಳುವುದು, ಕೂರುವುದು. ಮುಂಜಾನೆ ನವಾರ, ಮಧ್ಯಾಹ್ನ ಗಾದಿ, ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಪಾದ ತಿರುಗಿಸುವುದು. ಮಧ್ಯಾಹ್ನದ ನಿದ್ದೆ ಬಿಟ್ಟರು. ಮಧ್ಯಾಹ್ನಕ್ಕೆ ಅಂಗಡಿಗಳೂ ಬಾಗಿಲೆಳೆದು ಮಲಗುವ ಪುಣೆಯಲ್ಲಿ ಆ ನಿದ್ದೆ ಬಿಟ್ಟವರನ್ನು ನಾನು ಬೇರೆ ಯಾರನ್ನೂ ಕಂಡಿಲ್ಲ.

ಒಂದು ಸಲ ಮಾತ್ರ ಅವರ ಧೈರ್ಯ ಕುಸಿದದ್ದನ್ನು ನೋಡಿದೆ. ಗಾದಿಗಳೆಲ್ಲ ಹೋಗಿ, ಚೂರುಬಟ್ಟೆ ಹೊಲಿದ, ನಾಲ್ಕು ಮಡಿಕೆಯ ಕೌದಿಯೊಂದು ಉಳಿದಿತ್ತು. ನನ್ನ ಹೆಗಲು ಹಿಡಿದು ಇಳಿದರು. ಏಳಲು ಹೋದಾಗ ಕಾಲಗಂಟು ಮಣಿಯಲಿಲ್ಲ. ಇನ್ನೊಮ್ಮೆ ನೋಡಿದರು. ಆಗಲಿಲ್ಲ. ಎತ್ತಲು ನಾನು ಬಗ್ಗಿದರೆ ಕೈ ತಳ್ಳಿದರು. ತಲೆ ತಗ್ಗಿಸಿ, ಕೌದಿಯ ಒಂದು ಚೂರು ಬಟ್ಟೆಯನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಕೂತರು.   ಕೊನೆಗೆ ನಾನೂ ಅವರ ಪಕ್ಕ ನೆಲಕ್ಕೆ ಕೂತೆ. ಕೂತ ಮೇಲೆ ಹೊಳೆಯಿತು, ಈ ಸಲ ನಾನು ಗೋಡೆ ಹಿಡಿದಿರಲಿಲ್ಲ, ಮಂಚದ ಅಂಚು ಹಿಡಿದಿರಲಿಲ್ಲ. ಅತ್ತೆಯೂ ಅದನ್ನು ಗಮನಿಸಿದರು.

“ಶೈಲಾ, ನೀ ಹೆಂಗ ಕುಂತಿ?” ಎಂದು ಕೇಳಿದರು.

ನನಗೇ ಗೊತ್ತಿಲ್ಲ ಅತ್ತಿ, ಎಂದೆ. ಅವರು ನನ್ನ ಮಡಚಿದ ಕಾಲುಗಳನ್ನು ಆ ಬದಿಯಿಂದ ಈ ಬದಿಯಿಂದ ನೋಡಿದರು. ಮಾರಲು ತಂದ ಆಕಳನ್ನು ನೋಡುವ ಹಾಗೆ ನೋಡಿದರು. ಆಮೇಲೆ ಮೊಣಕಾಲೂರಿ, ಎದುರಿಗೆ ಸ್ಟೂಲು ತರಿಸಿಕೊಂಡು, ಅದರ ಮೇಲೆ ಎರಡೂ ಕೈ ಇಟ್ಟು, ಗಟ್ಟಿಯಿದ್ದ ಕಾಲನ್ನು ಮುಂದಿಟ್ಟು, ಹಲ್ಲು ಕಚ್ಚಿ ಎದ್ದು ನಿಂತರು. ನಿಂತವರು ಹಾಗೇ ಮತ್ತೆ ಇಳಿದರು. ಮತ್ತೆ ಎದ್ದರು. ಸಾಕು ಅತ್ತಿ ಎಂದರೆ, ಬಂದದ್ದು ಮರೆಯುವ ಮುಂಚೆ ಇನ್ನೊಮ್ಮೆ ಎಂದರು.

ಸಂಕ್ರಾಂತಿಯ ಮರುದಿನ ನಾವು ಭೋರ್‌ಗೆ ಹೊರಟೆವು. ಹೋಳಿಗೆಯನ್ನು ಈ ಸಲ ನಾನೇ ಮಾಡಿದ್ದೆ. ಅತ್ತೆ ಕುರ್ಚಿಯಲ್ಲಿ ಕೂತು ತಪ್ಪು ಹುಡುಕಿದ್ದರು. ಕಾತ್ರಜದ ಘಟ್ಟ ದಾಟುವವರೆಗೆ ಅವರು ಕಾರಿನಲ್ಲೇ ಪಾದವನ್ನು ಮೇಲೆ ಕೆಳಗೆ ಮಾಡುತ್ತಿದ್ದರು. ಹೆದ್ದಾರಿ ಬಿಟ್ಟು ಭೋರ್‌ನ ರಸ್ತೆಗೆ ತಿರುಗಿದಾಗ, ಇಂದೂ ನನ್ನನ್ನು ಗುರುತು ಹಿಡಿಯದಿದ್ದರೆ ಎಂದು ಒಮ್ಮೆ ಕೇಳಿದರು. 

ಆ ಮನೆಗೆ ಎತ್ತರದ ಹೊಸ್ತಿಲು. ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ದಾಟಿದರು. ಒಳಗೆ ಕಿಟಕಿಯ ಪಕ್ಕದ ಗಾದಿಯ ಮೇಲೆ ಇಂದೂತಾಯಿ ಮಲಗಿದ್ದರು. ತುಂಬಿದ ಮೈಯ ಹೆಂಗಸು, ಈಗ ಹೊದಿಕೆಯ ಕೆಳಗೆ ಯಾರಾದರೂ ಇದ್ದಾರೋ ಇಲ್ಲವೋ ಎನ್ನುವಷ್ಟಾಗಿದ್ದರು. ಕಣ್ಣು ಸೂರಿನ ಕಡೆ. ಮಾಧುರಿ ಓಡಿಹೋಗಿ ಕುರ್ಚಿ ತಂದಳು. ಅತ್ತೆ ಅದರ ಬೆನ್ನನ್ನು ಹಿಡಿದುಕೊಂಡರು. ಕೂರಲಿಕ್ಕಲ್ಲ, ಇಳಿಯಲಿಕ್ಕೆ. ಮೊದಲು ಗಟ್ಟಿ ಮೊಣಕಾಲು, ಆಮೇಲೆ ಇನ್ನೊಂದು, ಆಮೇಲೆ ಮೆಲ್ಲಗೆ ಪಕ್ಕಕ್ಕೆ. ನಮ್ಮ ಮನೆಯವರು ಮುಂದಕ್ಕೆ ಕೈ ಚಾಚಿದವರು ಅರ್ಧಕ್ಕೇ ನಿಂತರು. ಅತ್ತೆ ನೆಲ ಮುಟ್ಟಿದರು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತರು.

ಆದರೆ ಬೆನ್ನಿಗೆ ಆಸರೆಯಿರಲಿಲ್ಲ. ಗೋಡೆ ದೂರವಿತ್ತು. ಮುಂದಕ್ಕೆ ಬಾಗಿದರೆ ವಾಲುವಂತಾಯಿತು. ನಾನು ಯೋಚಿಸಲಿಲ್ಲ. ಅವರ ಹಿಂದೆ ನೆಲಕ್ಕೆ ಕೂತು, ಎರಡೂ ಬದಿಗೆ ಕಾಲು ಚಾಚಿ, ನನ್ನ ಎದೆಗೆ ಅವರ ಬೆನ್ನು ಆನಿಸಿಕೊಂಡೆ. ಮುಂದಿನ ಒಂದು ತಾಸು ನಾನು ಅತ್ತೆಯ ಕುರ್ಚಿ. ಮಳೆಗಾಲದಲ್ಲಾಗಿದ್ದರೆ ಆ ಕುರ್ಚಿ ಒಂದು ನಿಮಿಷಕ್ಕೇ ಮುರಿದು ಬೀಳುತ್ತಿತ್ತು. ಆ ದಿನ ತೊಡೆಯ ಹಿಂದೆ ಸೆಳೆತ ಬಂತು. ನಾನು ಉಸಿರು ಬಿಟ್ಟು ಕಾದೆ. ಅದು ಹೋಯಿತು.

ಅತ್ತೆ ಬಾಗಿ, ಇಂದೂತಾಯಿಯ ಕಿವಿಯ ಹತ್ತಿರ ಬಾಯಿಟ್ಟು, ನಾನು ಬಂದಿದ್ದೇನೆ ಎಂದು ಮರಾಠಿಯಲ್ಲಿ ಹೇಳಿದರು. ಸೂರು ನೋಡುತ್ತಿದ್ದ ಕಣ್ಣುಗಳು ನಿಧಾನವಾಗಿ ಹೊರಳಿದವು. ಇಷ್ಟು ತಡವೇಕೆ ಎಂದು ಕೇಳಿದರು ಇಂದೂತಾಯಿ. ಬಿದ್ದಿದ್ದೆ ಎಂದರು ಅತ್ತೆ. ನಾನೂ ಬಿದ್ದಿದ್ದೆ ಎಂದರು ಅವರು. ಅಲ್ಲಿಂದ ಮಾತು ಹೊರಟಿತು. ಅತ್ತೆಯದೇ ಹೆಚ್ಚು, ಅವರದು ಒಂದೊಂದು ಶಬ್ದ. ಬೆನ್ನ ಹಿಂದಿದ್ದ ನನಗೆ ಎಲ್ಲ ಕೇಳುತ್ತಿತ್ತು, ಆದರೆ ಎಲ್ಲವನ್ನೂ ಇಲ್ಲಿ ಬರೆಯಲಾರೆ. ನನ್ನ ಗಂಡನ ಬಾಲ್ಯದ ಕೆಲವು ಸಂಗತಿಗಳು ಅದರಲ್ಲಿವೆ. ಹೋಳಿಗೆ ಮುರಿದು ಬಾಯಿಗಿಟ್ಟಾಗ ಇಂದೂತಾಯಿ ಸ್ವಲ್ಪ ತಿಂದು, ಇದು ನಿನ್ನ ಕೈಯದಲ್ಲ ಎಂದರು. ನನಗೆ ಮುಖಭಂಗವಾಯಿತು. ಮಾಧುರಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಅತ್ತೆ ರುಚಿಯ ಬಗ್ಗೆ ಮಾತಾಡಿ ಎಷ್ಟೋ ದಿನವಾಯಿತು ಎಂದಳು.

ಕಾಲು ಆಡುತ್ತದೆಯೇ ಎಂದು ಅತ್ತೆ ಅವಳನ್ನು ಕೇಳಿದರು. ಇಲ್ಲ, ತೊಳೆಯುವಾಗ ನಾವೇ ಎತ್ತಬೇಕು, ಅವರಾಗಿ ಬೆರಳು ಕೂಡ ಅಲ್ಲಾಡಿಸುವುದಿಲ್ಲ ಎಂದಳು ಮಾಧುರಿ. ಅತ್ತೆ ಕೂತಲ್ಲೇ ಸರಿಯತೊಡಗಿದರು. ಅವರು ಸರಿದಂತೆ ಹಿಂದೆ ನಾನೂ ಸರಿದೆ. ಹಾಸಿಗೆಯ ಕಾಲದೆಸೆಗೆ ಬಂದು ಹೊದಿಕೆ ಸರಿಸಿ, ಇಂದೂತಾಯಿಯ ಒಂದು ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹಿಮ್ಮಡಿಯನ್ನು ಒಂದು ಅಂಗೈಯಲ್ಲಿ ಹಿಡಿದು, ಇನ್ನೊಂದರಿಂದ ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದರು. ಒತ್ತಿ, ಕಾದರು. ಮತ್ತೆ ಸ್ವಲ್ಪ ಒತ್ತಿದರು. ಇಂದೂತಾಯಿಯ ಹುಬ್ಬು ಗಂಟಾಯಿತು. ಬಿಡು ಎಂದರು. ಅತ್ತೆ ಬಿಡಲಿಲ್ಲ. ನೋಯುತ್ತದೆ, ಬಿಡೇ ಎಂದರು. ಅತ್ತೆಗೆ ಮತ್ತೆ ಮರಾಠಿ ಮರೆತುಹೋದಂತಿತ್ತು. ಇನ್ನೊಂದು ಎಳೆಯಷ್ಟು ಒತ್ತಿದರು.

ಇಂದೂತಾಯಿ ಸಿಟ್ಟಿಗೆದ್ದು ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು.

ಮಾಧುರಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ನಾವೆಲ್ಲ ಆ ಕಾಲನ್ನೇ ನೋಡಿದೆವು. ಹೊದಿಕೆಯ ಮೇಲೆ ಮೊಣಕಾಲು ಗುಡ್ಡದ ಹಾಗೆ ಎದ್ದು ನಿಂತಿತ್ತು. ಇಂದೂತಾಯಿ ಸ್ವತಃ ತಲೆಯೆತ್ತಿ, ಅದು ಯಾರದೋ ಮೊಣಕಾಲು ಅನ್ನುವಂತೆ ನೋಡಿದರು. ಅತ್ತೆ ಒಬ್ಬರೇ ಆಶ್ಚರ್ಯಪಡಲಿಲ್ಲ. ಬರಿದಾದ ತಮ್ಮ ತೊಡೆಯ ಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಕೈ ಮುಂದೆ ಚಾಚಿ, ಇನ್ನೊಂದು ಕಾಲು ಕೊಡು ಎಂದರು.